ನೀಲಿ ಬೆಳಕಿನಲ್ಲಿ ಕೂತ ನಾದಿನಿ

ಯಾರು ಏನೇ ಕೇಳಲಿ, ತಡಿಯಕ್ಕನ ಬಾಯಿಂದ ಮೊದಲು ಹೊರಡುವ ಮಾತು "ತಡೀರಿ". ಗೋದಾಮಿನ ಚಾಲಕರು ಅವಳಿಗೆ ಆ ಹೆಸರಿಟ್ಟದ್ದೂ ಅದಕ್ಕೇ. ಹಾಗೆಂದ ಮೇಲೆ ಕುತ್ತಿಗೆಯನ್ನು ಒಂದಿಷ್ಟು ವಾಲಿಸಿ, ಎಲ್ಲಿಂದಲೋ ಯಾರೋ ಕರೆದರೇನೋ ಎಂಬಂತೆ ನಿಂತುಬಿಡುವಳು. ನಡಿಗೆಯೂ ಅಂಥದ್ದೇ: ಒಂದು ಕಿವಿ ಮುಂದಕ್ಕೆ, ಒಂದು ಕಿವಿ ಹಿಂದಕ್ಕೆ ಇಟ್ಟುಕೊಂಡು ಓರೆಯಾಗಿ ಸಾಗುವ ನಡಿಗೆ. ಕಂಪನಿ ಕೊಟ್ಟ ಕೋಟು ಗಂಡಸರ ಅಳತೆಯದಾದ್ದರಿಂದ ತೋಳುಗಳನ್ನು ದಪ್ಪಗೆ ಮಡಚಿರುತ್ತಿದ್ದಳು. ಮಬ್ಬಿನಲ್ಲಿ ಹೊಳೆದು ಅವಳನ್ನು ಕಾಪಾಡಬೇಕಾದ ಬಿಳಿ ಪಟ್ಟಿ ಆ ಮಡಿಕೆಯೊಳಗೇ ಅಡಗಿ ಕೂತಿರುತ್ತಿತ್ತು.

ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಇಂಥವಳಿಗೆ ಮ್ಯಾನೇಜರು ಸರಕು ಹೊರುವ ಫೋರ್ಕ್‌ಲಿಫ್ಟ್‌ಗಳಿಗೆ ಎಚ್ಚರಿಕೆಯ ಸದ್ದು, ದೀಪಗಳನ್ನು ಆಯ್ದುಕೊಡುವ ಕೆಲಸ ಒಪ್ಪಿಸಿದರು. ಅದಕ್ಕೆ ಕಾರಣ ಪ್ಯಾಕಿಂಗ್‌ನಲ್ಲಿದ್ದ ಅವಳ ನಾದಿನಿ. ಹಿಂದಕ್ಕೆ ಸರಿಯುತ್ತಿದ್ದ ಫೋರ್ಕ್‌ಲಿಫ್ಟೊಂದು ಅವಳ ಬೂಟಿನ ಹಿಮ್ಮಡಿಯನ್ನು ಕಿತ್ತುಕೊಂಡು ಹೋಗಿತ್ತು. ಕಾಲು ಕೂದಲೆಳೆಯಲ್ಲಿ ಉಳಿದಿತ್ತು. "ಸ್ಟೋರ್ಸೂ ನಿಮ್ದು, ನಾದಿನೀನೂ ನಿಮ್ದು. ನೀವೇ ಆರಿಸಿ," ಎಂದು ಮ್ಯಾನೇಜರು ಕೈತೊಳೆದುಕೊಂಡರು. ಆಯ್ಕೆ ತಪ್ಪಿದರೆ ಮುಂದಿನ ಸಲ ಹೋಗುವುದು ಬೂಟಲ್ಲ ಎಂಬುದೊಂದು ತಡಿಯಕ್ಕನಿಗೆ ಸ್ಪಷ್ಟವಿತ್ತು. ಮಿಕ್ಕದ್ದೆಲ್ಲ ಗೋಜಲು.

ಮಾರಾಟದವನು ಪೆಟ್ಟಿಗೆ ಬಿಚ್ಚಿ ಸಾಮಾನು ಹರಡಿದ. ಒಂದು ಬೀಪ್ ಬೀಪ್ ಎಂದು ಅರಚುವುದು. ಇನ್ನೊಂದು ಹಾವಿನಂತೆ ಬುಸುಗುಟ್ಟುವುದು. ಆ ಸದ್ದು ಯಾವ ದಿಕ್ಕಿನದೆಂದು ಕಿವಿಗೆ ಬೇಗ ತಿಳಿಯುತ್ತದಂತೆ. ವಾಹನಕ್ಕಿಂತ ಮುಂಚೆಯೇ ನೆಲದ ಮೇಲೆ ನೀಲಿ ಬೆಳಕು ಚೆಲ್ಲುವ ದೀಪವೊಂದು, ಪಕ್ಕದಲ್ಲಿ ಕೆಂಪು ಗೆರೆ ಎಳೆಯುವ ದೀಪವೊಂದು. "ಒಂದಕ್ಕಿಂತ ಒಂದು ಚೆನ್ನಾಗಿದೆ ಮೇಡಂ," ಎಂದ. ಅವಳ ತೊಂದರೆಯೂ ಅದೇ ಆಗಿತ್ತು.

ಬೀಪ್ ಸದ್ದು ಚಾಲಕರಿಗೆ ಬೇಡ. ಗಾಡಿಗಳಲ್ಲಿದ್ದ ಹಳೆಯದರ ಬಾಯಿಗೆ ಅವರು ಬಟ್ಟೆ ತುರುಕಿದ್ದರು. "ಮನೇಲಿ ಹೆಂಡ್ತಿ, ಇಲ್ಲಿ ಇದು," ಎಂದು ಹಿರಿಯ ಚಾಲಕ ನಕ್ಕ.

"ನಿಮ್ ಹೆಂಡ್ತಿ ಯಾರ್ ಕಾಲ್ ಮೇಲೂ ಗಾಡಿ ಹತ್ತಿಸಿಲ್ವಲ್ಲಣ್ಣ," ಎಂದಳು ನಾದಿನಿ.

ಆದರೆ ಪ್ಯಾಕಿಂಗ್‌ನ ಹೆಂಗಸರೂ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಯಂತ್ರದ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಸದ್ದನ್ನು ಕುರಿತು ತಡಿಯಕ್ಕನಿಗೆ ಮನೆಯಲ್ಲೇ ಅನುಮಾನ ಹುಟ್ಟಿತ್ತು. ಕುಕ್ಕರು ಕೂಗುತ್ತಿತ್ತು, ತೊಟ್ಟಿ ತುಂಬಿ ಸುರಿಯುತ್ತಿತ್ತು, ಅತ್ತೆ ಒಳಗಿನಿಂದ ಮಂಚಕ್ಕೆ ಕೋಲು ಬಡಿಯುತ್ತಿದ್ದರು. ಒಲೆಯ ಪಕ್ಕದಲ್ಲೇ ಕೂತ ಗಂಡ ಪತ್ರಿಕೆಯಿಂದ ತಲೆಯೆತ್ತದೆ, ಸ್ನಾನದ ಮನೆಯಲ್ಲಿದ್ದ ಅವಳಿಗೆ "ಕುಕ್ಕರ್ ಕೂಗ್ತಿದೆ ನೋಡೇ" ಎನ್ನುತ್ತಿದ್ದ. ಕೇಳಿಸುವುದು ಎಲ್ಲರಿಗೂ, ಏಳಬೇಕಾದವಳು ಒಬ್ಬಳೇ. ಹಾಗಿರುವಾಗ ಸದ್ದನ್ನು ನಂಬುವುದು ಹೇಗೆ?

ಕೊನೆಗೆ ನೀಲಿ ದೀಪವನ್ನು ಎಲ್ಲರೂ ಒಪ್ಪಿದರು. ಅವಳು ಮಾತ್ರ ಒಂದು ಗಾಡಿಗಷ್ಟೇ ಹಾಕಿಸಿ, ತನ್ನ ಕೆಲಸದ ನಡುವೆ ಬಂದು ಬಂದು ನೋಡುತ್ತಿದ್ದಳು. ಒಂದು ಮಧ್ಯಾಹ್ನ, ಎದೆಯೆತ್ತರಕ್ಕೆ ಪೆಟ್ಟಿಗೆ ಹೊತ್ತು ಫೋರ್ಕ್‌ಲಿಫ್ಟ್ ಬರುತ್ತಿತ್ತು. ಅದರ ಮುಂದೆ ನೀಲಿ ಬೆಳಕು ನೆಲದ ಮೇಲೆ ತೆವಳುತ್ತಿತ್ತು. ಆ ಬೆಳಕಿನ ನಟ್ಟನಡುವೆ ನಾದಿನಿ ಕುಕ್ಕರಗಾಲಿನಲ್ಲಿ ಕೂತು ಏನನ್ನೋ ತಡಕುತ್ತಿದ್ದಳು. ಪೆಟ್ಟಿಗೆಗಳ ಮರೆಗೆ ಚಾಲಕನಿಗೆ ಅವಳು ಕಾಣಲಿಲ್ಲ. ತಡಿಯಕ್ಕ ಕಿರುಚುತ್ತ ಓಡಿ ಗಾಡಿಯ ಪಕ್ಕವನ್ನು ಬಡಿದಳು. ಗಾಡಿ ನಿಂತಿತು.

ನಾದಿನಿ ಕಿವಿಯ ಹತ್ತಿ ತೆಗೆದಳು. "ಯಾಕತ್ತಿಗೆ ಹಂಗೆ ಬಡ್ಕೊಳ್ತೀರ? ಪಟ್ಟಿ ಕ್ಲಿಪ್ ಬಿದ್ದಿತ್ತು. ಈ ಮೂಲೇಲಿ ಏನ್ ಕಾಣತ್ತೆ? ಬೆಳಕು ಬಂತಲ್ಲ, ಹುಡುಕ್ಕೊಂಡೆ."

"ಅದು ದೂರ ಹೋಗು ಅನ್ನೋ ಬೆಳಕು ಕಣೇ!"

"ಹೌದಾ? ನಾವೆಲ್ಲ ಅದಕ್ಕೇ ಕಾಯ್ತಿರ್ತೀವಿ. ನಿಮ್ ದೀಪದಿಂದ ಎಷ್ಟು ಅನುಕೂಲ ಆಯ್ತು ಅಂತ ಬೆಳಗ್ಗೇನೂ ಮಾತಾಡ್ಕೊಂಡ್ವಿ."

ತಡಿಯಕ್ಕ ಕುತ್ತಿಗೆ ವಾಲಿಸಿ ನೆಲದ ಮೇಲಿನ ನೀಲಿಯನ್ನೇ ನೋಡಿದಳು. ಕೆಂಪು ಗೆರೆಯಾದರೆ ಇವರು ಅದನ್ನು ಏನೆಂದುಕೊಳ್ಳುವರೋ? ಪ್ಯಾಕಿಂಗ್ ಬೆಂಚಿನ ಮೇಲೆ ಒಳ್ಳೆಯ ದೀಪ ಹಾಕಿಸಿದರೆ ಆ ಬೆಳಕಿನಲ್ಲಿ ನೀಲಿಯೂ ಕೆಂಪೂ ಮಂಕಾಗಲಾರವೇ? ಬುಸುಗುಟ್ಟುವ ಸದ್ದು ಹತ್ತಿಯನ್ನು ದಾಟೀತೇ?

ಓಡಿ ಬಂದ ಮ್ಯಾನೇಜರಿಗೆ ಸಹನೆ ಮೀರಿತ್ತು. "ಯಾವ್ದಾದ್ರೂ ಒಂದು ಹೇಳಿಬಿಡಿ, ಮುಗೀಲಿ."

"ನನಗೆ ಗೊತ್ತಾಗ್ತಿಲ್ಲ ಸರ್."

"ಮತ್ತೆ?"

"ಗೊತ್ತಾಗೋವರೆಗೂ ಬೆಂಚಿನ ಕಡೆ ಗಾಡಿ ಬರೋದು ಬೇಡ. ಮೊದಲು ಇಲ್ಲಿಗೊಂದು ದೀಪ ಹಾಕ್ಸಿ. ಆಮೇಲೆ ಎಲ್ಲಾನೂ ಮತ್ತೆ ಹಚ್ಚಿ ನೋಡ್ತೀನಿ."

"ಸರಕು ಯಾರು ತರ್ತಾರೆ?"

"ಅದೂ ಗೊತ್ತಿಲ್ಲ," ಎಂದಳು. ಎಂದವಳೇ ಮರದ ಹಲಗೆ ಚೌಕಟ್ಟೊಂದರ ತುದಿ ಹಿಡಿದು ದಾರಿಗೆ ಅಡ್ಡ ಎಳೆಯತೊಡಗಿದಳು. ನಾದಿನಿ ಇನ್ನೊಂದು ತುದಿ ಹಿಡಿದಳು. ಚಾಲಕ ಗಾಡಿಯಿಂದ ಇಳಿದು ನಿಂತ.

ಥಟ್ಟನೆ ನಿರ್ಧರಿಸುವವರನ್ನು ಲೋಕ ಹೊಗಳುತ್ತದೆ. ಅವರ ನಿರ್ಧಾರದಿಂದ ಚೆಲ್ಲಿದ್ದನ್ನು ಒರೆಸಲು ಸಾಮಾನ್ಯವಾಗಿ ಬೇರೆ ಯಾರೋ ಇರುತ್ತಾರೆ. ಒರೆಸುತ್ತಲೇ ಬದುಕಿದವರಿಗೆ ಆ ನಿಶ್ಚಿಂತೆ ಬರುವುದಿಲ್ಲ. ಇವರನ್ನು ಗೊಂದಲದವರೆಂದು ನಾವು ನಗುತ್ತೇವೆ. ನಿಜ, ಇಂಥವರಿಂದ ಉತ್ತರ ಸಿಗುವುದು ನಿಧಾನ, ಕೆಲವೊಮ್ಮೆ ಸಿಗುವುದೇ ಇಲ್ಲ. ಆದರೆ ಉತ್ತರ ಗೊತ್ತಿಲ್ಲದಾಗ ಗಾಡಿಯನ್ನು ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತಿರುತ್ತದೆ.