ಏಳರ ಮೊದಲು ಡಬ್ಬ ಬಡಿಯಬಾರದು

ವಿನೋದಾ ಭತ್ತದ ಪೆಟ್ಟಿಗೆಯೊಳಗೆ ಭುಜದವರೆಗೆ ಕೈ ಇಳಿಸಿ ಮೂಲೆ ಮೂಲೆ ಕೆರೆದು ನೋಡಿದರು. ಸಿಕ್ಕಿದ್ದು ಹೊಟ್ಟು, ಧೂಳು ಮತ್ತು ಇಲಿಯ ಹಿಕ್ಕೆ. ಹೊರಗೆ ಅಂಗಳದಲ್ಲಿ ಗಂಡನನ್ನು ಮೀಯಿಸಿ ಬಾಳೆಲೆಯ ಮೇಲೆ ಮಲಗಿಸಿ ಆಗಿತ್ತು. ತಲೆದೆಸೆಯಲ್ಲಿ ತೆಂಗಿನಕಾಯಿ ಹೋಳಿನ ದೀಪ ಉರಿಯುತ್ತಿತ್ತು. ದೀಪದ ಪಕ್ಕದ ಎಲೆ ಮಾತ್ರ ಇನ್ನೂ ಖಾಲಿ.

"ಅಮ್ಮ, ಇದನ್ನೇ ಹಾಕುವ," ಎಂದು ಮಗಳು ಯಶ್ಮಿತಾ ಅಂಗಡಿಯ ಅಕ್ಕಿ ಪ್ಯಾಕೆಟ್ ಹಿಡಿದು ಬಂದಳು. ಅತ್ತು ಅತ್ತು ಅವಳ ಸ್ವರ ಬಿದ್ದಿತ್ತು. "ಅಕ್ಕಿ ಅಲ್ವಾ, ಎಲ್ಲಿದ್ದಾದ್ರೆ ಎಂತ?"

"ನಿನ್ನ ಅಪ್ಪ ಜೀವಮಾನದಲ್ಲಿ ಪ್ಯಾಕೆಟ್ ಅಕ್ಕಿ ಉಂಡವರಾ? ಸತ್ತ ದಿನ ಅವರ ತಲೆದೆಸೆಗೆ ಅದನ್ನು ಹಾಕ್ತೀಯಾ?"

ವಾಮಂಜೂರಿನ ಆ ಮನೆಯಲ್ಲಿ ಸತ್ತವರ ತಲೆದೆಸೆಗೆ ಸ್ವಂತ ಗದ್ದೆಯ ಒಂದು ಸೇರು ಭತ್ತ ಇಡುವುದು ಹಿಂದಿನಿಂದ ಬಂದ ಕ್ರಮ. ಅದಿಲ್ಲದೆ ಹೆಣ ಎತ್ತಿದ್ದಿಲ್ಲ. ಸರ್ವೋತ್ತಮ ಶೆಟ್ಟರು ನಿನ್ನೆ ಸಂಜೆ ಸೌತೆ ಸಾಲಿಗೆ ನೀರು ಬಿಡುತ್ತಿದ್ದಾಗ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಸುತ್ತಮುತ್ತಲಿನವರೆಲ್ಲ ಬೇಸಾಯ ನಿಲ್ಲಿಸಿ ಗದ್ದೆ ಹಡಿಲು ಬಿಟ್ಟು, ಸೈಟು ಮಾಡಿ ಮಾರಿದ ಮೇಲೂ ಉತ್ತು ಬಿತ್ತುತ್ತಿದ್ದ ಮನುಷ್ಯ. ಅಂಥವನ ತಲೆದೆಸೆಗೆ ಒಂದು ಸೇರು ಭತ್ತ ಇಲ್ಲ! ಈ ಸಲದ ಮಳೆಗಾಲದ ಬೆಳೆಯನ್ನು ಕೊಯ್ದದ್ದು ಮನುಷ್ಯರಲ್ಲ, ನವಿಲುಗಳು.

ಉಳಿದದ್ದೆಂದರೆ ಅಟ್ಟದ ತೊಲೆಗೆ ನೇತುಹಾಕಿದ್ದ ಒಂದು ಸಣ್ಣ ಬೀಜದ ಮುಡಿ. ನವಿಲು ತಿಂದು ಬಿಟ್ಟ ಭತ್ತವನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗ ಬಿಗಿದು ಸರ್ವೋತ್ತಮರೇ ಕಟ್ಟಿದ್ದು. ಬೀಜದ ಮುಡಿಯನ್ನು ಬಿತ್ತನೆಯ ದಿನವಲ್ಲದೆ ಬಿಚ್ಚುವಂತಿಲ್ಲ. ನಡುವೆ ಬಿಚ್ಚಿದರೆ ಆ ಮನೆಯಲ್ಲಿ ಇನ್ನು ಬಿತ್ತನೆ ಇಲ್ಲವೆಂದೇ ಊರಿನವರ ಲೆಕ್ಕ.

"ಅತ್ತೆ, ಏಳೂವರೆಗೆ ರಾಹುಕಾಲ. ಏಳಕ್ಕೆ ಎತ್ತಲೇಬೇಕು," ಎಂದು ಪೃಥ್ವಿರಾಜ್ ಬಾಗಿಲಿಗೆ ಬಂದ. ಸರ್ವೋತ್ತಮರ ಅಕ್ಕನ ಮಗ. ಪೇಟೆಯಲ್ಲಿ ಹೋಟೆಲ್ ಇಟ್ಟವನು, ತನ್ನ ಪಾಲಿಗೆ ಬಂದ ಗುಡ್ಡವನ್ನು ಲೇಔಟ್ ಮಾಡಿ ಮಾರಿದವನು. ಬಾಯಲ್ಲಿ ರಾಹುಕಾಲ, ಪೇಟೆಯ ಮಣ್ಣಗುಡ್ಡದಲ್ಲಿ ಅವನಿಗೆ ಒಂಬತ್ತಕ್ಕೆ ಮೀಟಿಂಗ್ ಇರುವುದು ನೆರೆದವರಿಗೆಲ್ಲ ಗೊತ್ತಿತ್ತು. "ಆ ಮುಡಿಯನ್ನೇ ಬಿಚ್ಚಿಬಿಡಿ. ಹೇಗೂ ಇನ್ನು ಬಿತ್ತುವವರು ಯಾರುಂಟು? ಗದ್ದೆಯ ವಿಷಯ ಉತ್ತರಕ್ರಿಯೆ, ಬೊಜ್ಜದ ಊಟ ಎಲ್ಲ ಮುಗಿದ ಮೇಲೆ ಕೂತು ಮಾತಾಡುವ."

ಮಾವನ ಹೆಣ ಅಂಗಳದಲ್ಲಿ, ಅಳಿಯನ ಕಣ್ಣು ಗದ್ದೆಯಲ್ಲಿ. ವಿನೋದಾರಿಗೆ ಮೈಯೆಲ್ಲ ಉರಿಯಿತು. ಪೆಟ್ಟಿಗೆಯ ಮುಚ್ಚಳವನ್ನು ದಢಾರನೆ ಹಾಕಿದರು.

ಅಂಗಳದಲ್ಲಿ ಲೇಔಟಿನವರು ಬಂದು ಸೇರುತ್ತಿದ್ದರು. ಪೃಥ್ವಿರಾಜ್ ಅವರ ಮುಂದೆ ನಿಂತು ಕಣ್ಣು ಒರೆಸಿಕೊಂಡ.

"ನಮ್ಮ ಮಾವ ಒಂದು ಇರುವೆಯನ್ನೂ ಕೊಂದವರಲ್ಲ."

"ಅದು ಸುಳ್ಳು ಪೃಥ್ವಿ," ಎಂದು ಜಗಲಿಯ ಕಂಬದ ಹತ್ತಿರ ನಿಂತಿದ್ದ ಉಮರಬ್ಬ ಹೇಳಿದರು. ಕುದ್ರೋಳಿಯಲ್ಲಿ ತರಕಾರಿ ಅಂಗಡಿ ಅವರದು. ಈ ಮನೆಯ ಸೌತೆ, ಅಲಸಂಡೆ ಎಲ್ಲ ಅವರ ಅಂಗಡಿಗೇ ಹೋಗುತ್ತಿತ್ತು. ಬೆಳಗಿನ ನಮಾಜು ಮುಗಿಸಿ ನೇರ ಇಲ್ಲಿಗೆ ಬಂದಿದ್ದರು. "ಶೆಟ್ರು ಹೆಗ್ಗಣ ಕೊಲ್ತಿದ್ರು. ಹಂದಿಗೆ ಉರುಳು ಇಟ್ಟದ್ದೂ ಉಂಟು. ಅವರು ಕೊಲ್ಲದೆ ಬಿಟ್ಟದ್ದು ನರಿಯನ್ನು. ಅದನ್ನು ಕೊಂದದ್ದು ಯಾರು ಅಂತ ನಾನು ಹೇಳ್ಬೇಕಾ?"

ಪೃಥ್ವಿರಾಜ್ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡು ಗೇಟಿನ ಕಡೆ ಹೋದ. ಅದು ರಿಂಗ್ ಆದದ್ದನ್ನು ಯಾರೂ ಕೇಳಿರಲಿಲ್ಲ.

*

ಹಲವು ವರ್ಷಗಳ ಹಿಂದೆ ಗದ್ದೆಯ ಬದಿ ಹರಿಯುವ ತೋಡಿನಾಚೆಯ ಪೊದೆಗಳಲ್ಲಿ ನರಿಗಳಿದ್ದವು. ಮುಸ್ಸಂಜೆಗೆ ಒಂದು ಊಳಿಟ್ಟರೆ ಉಳಿದವು ಸ್ವರ ಕೂಡಿಸುತ್ತಿದ್ದವು. "ಡ್ಯೂಟಿಗೆ ಬಂದ್ರು," ಎಂದು ಸರ್ವೋತ್ತಮರು ತಮಾಷೆ ಮಾಡುತ್ತಿದ್ದರು.

ಪೃಥ್ವಿರಾಜ್‌ಗೆ ಕೋಳಿ ಅಂಕದ ಹುಚ್ಚು. ಕಾದಾಟಕ್ಕೆಂದು ಬಾದಾಮಿ ತಿನ್ನಿಸಿ ಸಾಕಿದ ಅವನ ಹುಂಜವನ್ನು ಒಂದು ಸಂಜೆ ನರಿ ಹೊತ್ತುಕೊಂಡು ಹೋಯಿತು. ಗೂಡಿನ ಬಾಗಿಲು ಹಾಕಲು ಮರೆತವನು ಅವನೇ. ಮಾರನೆಯ ದಿನ ಕೋಳಿಯ ಕರುಳಿಗೆ ವಿಷ ಕಲಸಿ ತೋಡಿನುದ್ದಕ್ಕೂ ಇಟ್ಟ. ಬೆಳಗಾಗುವಾಗ ದೊಡ್ಡ ನರಿಗಳು, ಕಣ್ಣು ಬಿಟ್ಟು ಹೆಚ್ಚು ದಿನವಾಗದ ಮರಿಗಳು, ಜೊತೆಗೆ ಯಾರದೋ ಮನೆಯ ನಾಯಿ, ಎಲ್ಲ ನೊರೆ ಕಾರಿ ಬಿದ್ದಿದ್ದವು. ಸರ್ವೋತ್ತಮರು ಹಾರೆ ತಂದು ಗುಂಡಿ ತೋಡಿದರು. ಮರಿಗಳನ್ನು ಗೋಣಿಯಲ್ಲಿ ಹೊತ್ತು ತಂದವರು ವಿನೋದಾ.

"ನರಿಗೂ ಗುಂಡಿಯಾ ಮಾವ?" ಎಂದು ಪೃಥ್ವಿರಾಜ್ ನಕ್ಕಿದ್ದ. "ಕೋಳಿ ಕಳ್ಳರು ಅವು. ಕೂಗಿದ್ರೆ ಅಪಶಕುನ ಬೇರೆ. ನಾನು ಊರಿಗೇ ಉಪಕಾರ ಮಾಡಿದ್ದೇನೆ."

"ಗೂಡಿನ ಬಾಗಿಲು ಹಾಕ್ಲಿಕ್ಕೆ ನಿನಗೆ ಕೈ ಇಲ್ವಾ?" ಸರ್ವೋತ್ತಮರ ಮುಖ ಕೆಂಪಾಗಿತ್ತು. "ನಾನು ದೊಡ್ಡ ಸಾಧು ಅಲ್ಲ ಮಾರಾಯ. ಗದ್ದೆ ಹಾಳು ಮಾಡಿದ ಹಂದಿಯನ್ನು ಹಿಡಿದಿದ್ದೇನೆ, ತಿಂದಿದ್ದೇನೆ. ಆದ್ರೆ ಹೆಗ್ಗಣ ಹಿಡಿಯುವುದು ಇವು, ನವಿಲಿನ ಮೊಟ್ಟೆ ತಿನ್ನುವುದೂ ಇವು. ಇನ್ನು ಆ ಕೆಲಸ ನೀನು ಮಾಡ್ತೀಯಾ?"

ಆ ಕೆಲಸ ಯಾರೂ ಮಾಡಲಿಲ್ಲ. ಮೊದಮೊದಲು ಒಂದೆರಡು ನವಿಲು ಕಾಣಿಸಿದಾಗ ಜನ ಮಕ್ಕಳನ್ನು ಎತ್ತಿಕೊಂಡು ನೋಡಲು ಓಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅವು ಹಿಂಡು ಹಿಂಡಾಗಿ ಗದ್ದೆಗೆ ಇಳಿದವು. ಲೇಔಟಿಗೆ ಬಂದವರಿಗೆ ನವಿಲು ಇಷ್ಟವೆಂದು ಪೃಥ್ವಿರಾಜ್ ದಿನಾ ಬೆಳಿಗ್ಗೆ ಅಲ್ಲಿನ ತನ್ನ ಮನೆಯ ತಾರಸಿಯ ಮೇಲೆ ಕಾಳು ಚೆಲ್ಲಲು ಶುರುಮಾಡಿದ. ನರಿಗೆ ವಿಷ ಕಲಸಿದ ಅದೇ ಕೈ! ನವಿಲು ಸುಬ್ರಹ್ಮಣ್ಯನ ವಾಹನ. ನರಿ ಯಾವ ದೇವರ ವಾಹನವೂ ಅಲ್ಲವಲ್ಲ, ಅದರ ಪರವಾಗಿ ಮಾತಾಡಲು ಯಾರಿಗೆ ಏನು ಬಿದ್ದಿದೆ?

*

"ಪಾಪ, ಒಳ್ಳೆ ಜನ," ಎಂದು ಲೇಔಟಿನ ಸಂಘದ ಯೋಗೀಶ್ ಪಕ್ಕದವನಿಗೆ ಹೇಳುತ್ತಿದ್ದ. "ಆ ಡಬ್ಬದ ಗಲಾಟೆ ಒಂದು ಇಲ್ಲದಿದ್ರೆ."

ಬಾಗಿಲಲ್ಲಿ ನಿಂತಿದ್ದ ವಿನೋದಾ ಅದನ್ನು ಕೇಳಿಸಿಕೊಂಡರು. ಡಬ್ಬ ಅಲ್ಲೇ ಜಗಲಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಹಳೆಯ ಎಣ್ಣೆ ಡಬ್ಬ, ಬಡಿದು ಬಡಿದು ಒಂದು ಬದಿ ಒಳಗೆ ಹೋಗಿತ್ತು. ಪಕ್ಕದಲ್ಲೇ ಕೋಲು.

*

ಈ ಮಳೆಗಾಲದಲ್ಲಿ ಆ ಡಬ್ಬದ ಮೇಲೆ ದೂರು ಕೊಟ್ಟವರು ಇದೇ ಸಂಘದವರು. ಬೆಳಗಿನ ನಿದ್ದೆ ಹಾಳಾಗುತ್ತದೆ, ನವಿಲಿಗೆ ಹಿಂಸೆಯಾಗುತ್ತದೆ ಎಂದು. ಸಂಘದ ಅಧ್ಯಕ್ಷ ಪೃಥ್ವಿರಾಜ್. ಒಬ್ಬ ಪೊಲೀಸಿನವನು ಬಂದ.

"ರಾಷ್ಟ್ರಪಕ್ಷಿ ಅದು ಶೆಟ್ರೆ. ತೊಂದರೆ ಕೊಟ್ರೆ ಕೇಸಾಗ್ತದೆ."

"ನಾನು ಕಲ್ಲು ಹೊಡೆದಿಲ್ಲ ಸಾರ್. ಡಬ್ಬ ಬಡಿಯುವುದು ಮಾತ್ರ."

"ಹಾಗಾದ್ರೆ ಒಂದು ಕೆಲಸ ಮಾಡಿ. ಏಳು ಗಂಟೆಯ ಮೊದಲು ಬಡಿಯಬೇಡಿ."

"ಅದು ಬರುವುದು ಆರಕ್ಕೆ ಸಾರ್. ಏಳಕ್ಕೆ ಬಾ ಅಂತ ಅದಕ್ಕೆ ಯಾರು ಹೇಳುವುದು?"

ಎಲ್ಲರೂ ನಕ್ಕರು. ಪೊಲೀಸಿನವನೂ ನಕ್ಕ. ಸರ್ವೋತ್ತಮರು ಮಾತ್ರ ನಗಲಿಲ್ಲ, ಆಗಲಿ ಎಂದುಬಿಟ್ಟರು.

ಮರುದಿನದಿಂದ ಕತ್ತಲು ಹರಿಯುವ ಹೊತ್ತಿಗೆ ಗದ್ದೆಗಳ ನಡುವಿನ ಹುಣಿಯಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಬಾಯಲ್ಲಿ ಹುಶ್ ಹುಶ್ ಎನ್ನುತ್ತಿದ್ದರು, ಟವೆಲು ಬೀಸುತ್ತಿದ್ದರು. ತಾರಸಿಯ ಕಾಳು ತಿಂದು ಮನುಷ್ಯರ ಹೆದರಿಕೆ ಬಿಟ್ಟ ನವಿಲುಗಳು ಒಂದು ಮಾರು ಹಾರಿ ಮತ್ತೆ ಅಲ್ಲೇ ಇಳಿಯುತ್ತಿದ್ದವು. ಹಾಲು ತುಂಬುತ್ತಿದ್ದ ತೆನೆಗಳನ್ನು ಕೊಕ್ಕಿನಲ್ಲಿ ಎಳೆದೆಳೆದು ತಿನ್ನುತ್ತಿದ್ದವು.

"ಬಡಿಯಿರಿ ನೀವು! ಎಂತ ಮಾಡ್ತಾರೆ ನೋಡುವ," ಎಂದು ವಿನೋದಾ ಸಿಟ್ಟಿನಿಂದ ಕೂಗಿದ್ದರು.

"ಮಾತು ಕೊಟ್ಟಾಗಿದೆ ವಿನೋದಾ."

ಕೊಟ್ಟ ಮಾತಿಗೆ ತಪ್ಪಬಾರದಂತೆ! ಏಳಾದ ಮೇಲೆ ಎದ್ದು ನಿಂತು ಬಡಿಯುತ್ತಿದ್ದರು. ಅಷ್ಟರಲ್ಲಿ ನವಿಲುಗಳ ಹೊಟ್ಟೆ ತುಂಬಿರುತ್ತಿತ್ತು.

*

ವಿನೋದಾ ಅಟ್ಟ ಹತ್ತಿ ಮುಡಿಯನ್ನು ಇಳಿಸಿ ತಂದರು. ಅಂಗಳದಲ್ಲಿದ್ದವರು ದಾರಿ ಬಿಟ್ಟರು.

"ಅಮ್ಮ, ಬೇಡ. ಅಪ್ಪ ಕಟ್ಟಿದ್ದು ಅದು," ಎಂದು ಯಶ್ಮಿತಾ ಅಳುತ್ತಾ ತಾಯಿಯ ತೋಳು ಹಿಡಿದಳು.

"ಬರಿ ಎಲೆ ಇಟ್ಟು ಅವರನ್ನು ಕಳಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಗಂಟು ಗಟ್ಟಿಯಾಗಿತ್ತು. ಹಲ್ಲಿನಿಂದ ಎಳೆದು ಬಿಡಿಸಬೇಕಾಯಿತು. ಬೈಹುಲ್ಲು ಬಿಚ್ಚಿಕೊಂಡಾಗ ಭತ್ತದ ವಾಸನೆ ಎದ್ದಿತು. ವಿನೋದಾ ಸೇರಿನಲ್ಲಿ ಅಳೆದು ಗಂಡನ ತಲೆದೆಸೆಯ ಎಲೆಗೆ ಸುರಿದರು. ಉಳಿದದ್ದು ಬಿಚ್ಚಿದ ಹುಲ್ಲಿನ ಮೇಲೆಯೇ ಇತ್ತು. ಪೃಥ್ವಿರಾಜನ ಮುಖದಲ್ಲಿ ನಿರಾಳ ಕಾಣಿಸಿತು.

"ಒಳ್ಳೇದಾಯ್ತು ಅತ್ತೆ," ಎಂದ ಮೆಲ್ಲಗೆ.

ಆಗ ಪಾಗಾರದ ಗೋಡೆಯ ಮೇಲಿಂದ ಒಂದು ಗಂಡು ನವಿಲು ಧೊಪ್ಪನೆ ಅಂಗಳಕ್ಕೆ ಇಳಿಯಿತು. ದಿನಾ ಈ ಹೊತ್ತಿಗೆ ತಾರಸಿಯಲ್ಲಿ ಕಾಳು ಹಾಕುವವನು ಇಂದು ಇಲ್ಲಿದ್ದ. ಅದೂ ಹುಡುಕಿಕೊಂಡು ಇಲ್ಲಿಗೇ ಬಂತು. ಅಷ್ಟು ಜನರ ಕಾಲುಗಳ ನಡುವೆ ತನ್ನದೇ ಮನೆ ಎಂಬಂತೆ ನಡೆದು, ಹೆಣದ ತಲೆಯ ಹತ್ತಿರ ನಿಂತು, ಭತ್ತಕ್ಕೆ ಕೊಕ್ಕು ಹಾಕಿತು.

ಜನ ಕೈಮುಗಿದರು. ಕೆಲವರು ಮೊಬೈಲ್ ಎತ್ತಿದರು.

"ಸುಬ್ರಹ್ಮಣ್ಯ ದೇವರೇ ಕಳಿಸಿದ್ದು," ಎಂದ ಯೋಗೀಶ್.

"ಯಾರೂ ಓಡಿಸ್ಬೇಡಿ!" ಪೃಥ್ವಿರಾಜ್ ಕೈ ಅಡ್ಡ ಹಿಡಿದ. "ಮಾವನೇ ಬಂದದ್ದು. ತಿನ್ಲಿ, ಹೊಟ್ಟೆ ತುಂಬ ತಿನ್ಲಿ."

ನವಿಲು ಎಲೆಯಲ್ಲಿದ್ದದ್ದನ್ನು ಚೆಲ್ಲಾಡಿ, ಬಿಚ್ಚಿದ ಮುಡಿಯ ಕಡೆ ಕತ್ತು ಚಾಚಿತು.

ವಿನೋದಾ ಜಗಲಿಗೆ ಹೋಗಿ ಮೊಳೆಯಿಂದ ಡಬ್ಬ ತೆಗೆದರು. ಕೋಲು ತೆಗೆದರು. ಅಂಗಳದ ನಡುವೆ ಬಂದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಬಡಿದರು. ನವಿಲು ಕಿರುಚಿ, ದೀಪವನ್ನು ಕೆಡವಿ, ಪಾಗಾರ ದಾಟಿ ಹಾರಿತು.

"ಅತ್ತೆ! ಎಂತ ಇದು, ಹೆಣದ ಎದುರು!"

"ಯಶ್ಮಿತಾ, ದೀಪ ಹಚ್ಚು," ವಿನೋದಾ ಬಡಿಯುವುದನ್ನು ನಿಲ್ಲಿಸದೆ ಕೂಗಿದರು. "ಎಲೆಗೆ ಒಂದು ಸೇರು ಸಾಕು. ಉಳಿದದ್ದು ಕಟ್ಟು. ಬಿತ್ತಲಿಕ್ಕೆ ಉಂಟು."

"ಬಿಚ್ಚಿದ ಬೀಜದ ಮುಡಿ ಮತ್ತೆ ಕಟ್ಟುವ ಕ್ರಮ ಇಲ್ಲ ಅತ್ತೆ."

"ನರಿ ಮರಿಗಳಿಗೆ ವಿಷ ಹಾಕುವ ಕ್ರಮ ಎಲ್ಲಿತ್ತು ಮಾರಾಯ?"

ಪೃಥ್ವಿರಾಜ್ ಏನೋ ಹೇಳಿದ. ಡಬ್ಬದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಉಮರಬ್ಬ ಜಗಲಿಯಿಂದ ಇಳಿದು ಬಂದು ನೆಲದಲ್ಲಿ ಕೂತರು. ಚೆಲ್ಲಿದ ಕಾಳುಗಳನ್ನು ಬಾಚಿ ಎಲೆಗೆ ಹಾಕಿ, ಹುಲ್ಲನ್ನು ಮಡಚಿ ಎರಡೂ ಕೈಯಿಂದ ಮುಡಿಯನ್ನು ಒತ್ತಿ ಹಿಡಿದರು. ದೀಪ ಹಚ್ಚಿ ಬಂದ ಯಶ್ಮಿತಾ ಅದರ ಸುತ್ತ ಹಗ್ಗ ಬಿಗಿಯತೊಡಗಿದಳು.

ವಿನೋದಾ ಬಡಿಯುತ್ತಲೇ ಇದ್ದರು. ಗುಡ್ಡದ ಮೇಲಿನ ಲೇಔಟಿನಲ್ಲಿ ಒಂದು ಕಿಟಕಿ ತೆರೆಯಿತು, ಅದರ ಪಕ್ಕದ ಮನೆಯಲ್ಲಿ ಇನ್ನೊಂದು. ನಿದ್ದೆಗಣ್ಣಿನವರು ಬಾಲ್ಕನಿಗಳಿಗೆ ಬಂದು ನಿಂತರು. ಗಂಟೆ ಇನ್ನೂ ಏಳಾಗಿರಲಿಲ್ಲ.