ಜರಡಿ ಮತ್ತು ಎಂಜಿನ್ನು

ನಮ್ಮ ಎಂಜಿನ್ನಿಗೆ ಇವತ್ತು ಹೃದಯದ ಆಪರೇಷನ್. ಬೆಳಿಗ್ಗೆ ವಾರ್ಡಿಗೆ ಹೋದರೆ, ಹಸಿರು ಗೌನು ತೊಟ್ಟುಕೊಂಡು ಮಂಚದ ಮೇಲೆ ಮಹಾರಾಣಿ ಥರ ಕಾಲು ಚಾಚಿ ಕೂತಿದ್ದಾಳೆ. ಪಕ್ಕದಲ್ಲಿ ಅವಳ ಗಂಡ, ವಾಚ್ ರಿಪೇರಿಯವರು, ಪಾಪ, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾರೆ.

"ಬಂದ್ಳು ನೋಡಿ, ಜರಡಿ!"

ಆ ಕಾಲದಲ್ಲಿ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ನಾನು ಗೋಲ್‌ಕೀಪರ್. ಬಂದ ಚೆಂಡೆಲ್ಲ ಸೋರಿಹೋಗುತ್ತಿತ್ತು ಅಂತ ಇವಳೇ ಇಟ್ಟ ಹೆಸರು ಇದು. ಓಡುವಾಗ ಬುಸ್ ಬುಸ್ ಅಂತ ಮೈದಾನಕ್ಕೆಲ್ಲ ಕೇಳೋ ಹಾಗೆ ಏದುಸಿರು ಬಿಡುತ್ತಿದ್ದಳಲ್ಲ, ನಾನು ಎಂಜಿನ್ನು ಅಂತಿಟ್ಟೆ. ಅಲ್ಲಿಗೆ ಲೆಕ್ಕ ಚುಕ್ತಾ.

ನಾನು ಬಂದದ್ದು ಒಂದು ಮಾತು ಹೇಳೋಕೆ. ಇಷ್ಟು ವರ್ಷ ಬಾಯಿ ತೆಗೆದಾಗಲೆಲ್ಲ ಇವಳು ತಮಾಷೆ ಮಾಡಿ ಹಾರಿಸಿಬಿಟ್ಟಿದ್ದಾಳೆ. ಇವತ್ತೂ ಹೇಳದಿದ್ದರೆ ಇನ್ನು ಹೇಳೋಕೆ ಸಿಗುತ್ತಾಳೋ ಇಲ್ಲವೋ ಅಂತ ನನಗೆ ಹೆದರಿಕೆ.

"ಅವತ್ತು ಬೀದೀಲಿ ನೀನು ಬರದೇ ಇದ್ದಿದ್ರೆ..."

"ನಾನು ಬಂದಿದ್ದು ಚೆಂಡಿಗೆ ಕಣೇ! ಇದ್ದದ್ದು ಒಂದೇ ಚೆಂಡು. ಅದನ್ನ ತಬ್ಕೊಂಡು ಬಿದ್ದಿದ್ದೆ ನೀನು. ಬಿಡು ಅಂದ್ರೂ ಬಿಡ್ಲಿಲ್ಲ, ಅದರ ಜೊತೆ ನಿನ್ನನ್ನೂ ಎಳ್ಕೊಂಡು ಬರಬೇಕಾಯ್ತು. ಅಬ್ಬಾ, ಏನು ಭಾರ!"

ನೋಡಿದಿರಾ? ಮಕ್ಕಳ ಮುಂದೆ, ಮೊಮ್ಮಕ್ಕಳ ಮುಂದೆ, ಯಾವಾಗಲೂ ಇದೇ ರಾಗ.

"ನೀವಾದ್ರೂ ಸರಿಯಾಗಿ ಹೇಳಿ ಅಕ್ಕಾ. ಇವಳು ಬರೀ ಚೆಂಡು ಚೆಂಡು ಅಂತಾಳೆ," ಅಂದರು ಗಂಡ.

ಹೇಳಿದೆ. ಆ ವರ್ಷ ಕಾಲೇಜು ತೆರೆದಿದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಇವತ್ತು ಗಿರಣಿಯವರ ಮುಷ್ಕರ, ನಾಳೆ ವಿದ್ಯಾರ್ಥಿಗಳ ಮೆರವಣಿಗೆ, ನಾಡಿದ್ದು ಕರ್ಫ್ಯೂ. ನಮ್ಮಪ್ಪನಿಗೋ, ಸರ್ಕಾರ ಬೀಳೋದಕ್ಕಿಂತ ಮಗಳು ಚಡ್ಡಿ ಹಾಕ್ಕೊಂಡು ಮೈದಾನದಲ್ಲಿ ಬೀಳೋದೇ ದೊಡ್ಡ ಚಿಂತೆ. ಒಂದು ಸಂಜೆ ಆಟ ಮುಗಿಸಿ ಮಾರ್ಕೆಟ್ ಬೀದಿಯಲ್ಲಿ ಬರುತ್ತಿದ್ದೆವು. ಮೆರವಣಿಗೆಗೆ ಪೊಲೀಸರು ಅಡ್ಡ ನಿಂತಿದ್ದರು. ನೂಕಾಟ ಶುರುವಾಗಿ ನಾನು ಮಧ್ಯದಲ್ಲಿ ಸಿಕ್ಕಿಕೊಂಡೆ. ಯಾರೋ ತಳ್ಳಿದರು, ಎದೆಗವಚಿಕೊಂಡ ಚೆಂಡಿನ ಮೇಲೇ ಧೊಪ್ಪಂತ ಬಿದ್ದೆ. ಹತ್ತು ತೇಪೆ ಕಂಡ ಹಳೇ ಚೆಂಡು, ನನ್ನ ಭಾರ ತಡೆಯುತ್ತದೆಯೇ? ಢಂ ಅಂತ ಒಡೆಯಿತು. "ಗುಂಡು ಹಾರಿಸಿದ್ರು!" ಅಂತ ಯಾರೋ ಕೂಗಿದ್ದೇ ತಡ, ಇಡೀ ಬೀದಿ ಚೆಲ್ಲಾಪಿಲ್ಲಿ. ಪೊಲೀಸರು ಲಾಠಿ ಬೀಸುತ್ತಿದ್ದರು, ನನಗೆ ಏಳೋಕೇ ಆಗಲಿಲ್ಲ. ಆಗ ಬುಸ್ ಬುಸ್ ಅಂತ ಕೇಳಿಸಿತು. ಕಾಲರ್ ಹಿಡಿದು ದರದರ ಎಳೆದುಕೊಂಡು ಹೋದಳು. ಎರಡು ಏಟು ಅವಳ ಬೆನ್ನಿಗೇ ಬಿದ್ದವು.

ಗಂಡ ತಲೆ ಕೆರೆದುಕೊಂಡರು.

"ಅಲ್ಲ ಅಕ್ಕಾ, ಚೆಂಡು ಮೊದಲೇ ಒಡೆದುಹೋಗಿತ್ತಲ್ಲ? ಮತ್ತೆ ಇವಳು ಬಂದಿದ್ದು ಯಾತಕ್ಕೆ?"

ನಾನು ಎಂಜಿನ್ನಿನ ಮುಖ ನೋಡಿದೆ. ಇಷ್ಟು ವರ್ಷ ಒಟ್ಟಿಗೆ ನಕ್ಕು ನಕ್ಕು, ಈ ಸಣ್ಣ ವಿಷಯ ನನ್ನ ಮಂಡೆಗೆ ಹೊಳೆದೇ ಇರಲಿಲ್ಲ. ಅವಳು ಹೊದಿಕೆಯ ಅಂಚು ಎಳೆಯುತ್ತಾ ಕೂತಳು.

"ಢಂ ಅಂತು. ನೀನು ಏಳಲೇ ಇಲ್ಲ," ಅಂದಳು ಮೆಲ್ಲಗೆ. "ಗುಂಡು ನಿನಗೇ ಬಿತ್ತು ಅಂದ್ಕೊಂಡೆ ಕಣೇ."

ನಾನು ಮಂಚದ ಹತ್ತಿರ ಸರಿದೆ. "ಎಂಜಿನ್ನು, ನಾನು ನಿನಗೆ..."

"ಬಾಯ್ಮುಚ್ಚು! ಆಪರೇಷನ್ ಆದ್ಮೇಲೆ ಹೇಳು. ಈಗ ಹೇಳಿದ್ರೆ ಕಳಿಸಿಕೊಡೋಕೆ ಬಂದವಳ ಹಾಗಿರುತ್ತೆ."

ಅಷ್ಟರಲ್ಲಿ ಸ್ಟ್ರೆಚರ್ ಬಂತು. ಅವಳನ್ನು ಮಲಗಿಸಿ ತಳ್ಳಲು ಹೊರಟ ನರ್ಸ್ ನನ್ನ ಕಡೆ ತಿರುಗಿ, "ಅಮ್ಮಾ, ಕೈ ಬಿಡಿ," ಅಂದಳು. ನಾನು ಹಿಡಿದುಕೊಂಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

"ಮ್ಯಾಚಲ್ಲಿ ಒಂದು ಚೆಂಡೂ ಹಿಡೀಲಿಲ್ಲ ಈ ಪುಣ್ಯಾತ್ಗಿತ್ತಿ," ಅಂತ ನರ್ಸಿಗೆ ದೂರು ಹೇಳಿದಳು ಎಂಜಿನ್ನು. "ಈಗ ನೋಡಿ, ಬಿಡ್ತಾನೇ ಇಲ್ಲ."

ಅಂದಳೇ ಹೊರತು ತಾನೂ ಕೈ ಬಿಡಿಸಿಕೊಳ್ಳಲಿಲ್ಲ. ಆಪರೇಷನ್ ಕೋಣೆಯ ಬಾಗಿಲವರೆಗೂ ಹಾಗೇ ಹೋದೆವು.