ಪೊಟ್ಟಣ ಬೆರೆಸಿದ ಹಾಲು

ಮಗುವಿನ ತೂಕ ನಾಲ್ಕು ದಿನದಿಂದ ಸಾವಿರದ ಮುನ್ನೂರ ಹತ್ತು ಗ್ರಾಮಿಗೇ ನಿಂತುಬಿಟ್ಟಿತ್ತು. ದಿನ ತುಂಬಲು ಎರಡು ತಿಂಗಳಿರುವಾಗಲೇ ಹುಟ್ಟಿದ ಹೆಣ್ಣುಕೂಸು. ತಾಯಿ ಪಂಪಿನಿಂದ ತೆಗೆದುಕೊಟ್ಟ ಹಾಲು ಎರಡು ಗಂಟೆಗೊಮ್ಮೆ ಸಣ್ಣ ನಳಿಗೆಯಲ್ಲಿ ಅದರ ಹೊಟ್ಟೆಗೆ ಇಳಿಯುತ್ತಿತ್ತು. ಆ ಬೆಳಿಗ್ಗೆ ಸಿಸ್ಟರ್ ಒಂದು ಚಿಕ್ಕ ಪೊಟ್ಟಣ ತಂದು, "ಇನ್ಮೇಲೆ ಹಾಲಿಗೆ ಇದನ್ನ ಬೆರೆಸ್ತೀವಿ. ಇಲ್ಲೊಂದು ಸೈನ್ ಮಾಡಿ," ಎಂದು ತಾಯಿಯ ಕೈಗೆ ಕಾಗದ ಕೊಟ್ಟಳು.

ಗೋಡೆಗೊರಗಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಎದ್ದು ನಿಂತರು. ಮೂವತ್ತು ವರ್ಷ ಹಸು ಕಟ್ಟಿ ಡೈರಿಗೆ ಹಾಲು ಹಾಕಿದ ಹೆಂಗಸು. ನೀರು ಬೆರೆತಿದೆಯೇ ಎಂದು ಡೈರಿಯವರು ಅಳೆಯುವ ಡಿಗ್ರಿ ಅವರ ಕ್ಯಾನಿನ ಹಾಲಿನಲ್ಲಿ ಒಂದು ದಿನವೂ ಕೆಳಗಿಳಿದದ್ದಿಲ್ಲ. ಹಾಲಿನ ವಿಷಯದಲ್ಲಿ 'ಬೆರೆಸು' ಎಂಬ ಮಾತಿಗೆ ಅವರಿಗೆ ಗೊತ್ತಿದ್ದದ್ದು ಒಂದೇ ಅರ್ಥ.

"ಬೆರೆಸೋದಾ? ನಮ್ಮನೆ ಹಾಲಿಗಾ?"

ಸೊಸೆ ಪೆನ್ನು ಹಿಡಿದು ಹಾಗೇ ಕೂತಳು. ಕಣ್ಣು ತುಂಬಿ ಬಂತು. "ನನ್ನ ಹಾಲು ನೀರಾಗಿದೆ ಅಂತ ತಾನೆ ಸಿಸ್ಟರ್?"

"ಯಾರಮ್ಮ ಹಾಗಂದಿದ್ದು? ನಿಮ್ಮ ಹಾಲಿಗಿಂತ ಒಳ್ಳೇದು ನಮ್ಮ ಹತ್ರ ಏನೂ ಇಲ್ಲ."

"ಮತ್ತೆ ಈ ಪುಡಿ ಯಾಕೆ?" ಅತ್ತೆ ಬಿಡಲಿಲ್ಲ. "ಸಾಲದಿದ್ರೆ ಇನ್ನೆರಡು ಗುಟುಕು ಜಾಸ್ತಿ ಕೊಡಿ."

"ಹೊಟ್ಟೆ ನೋಡಿ ಅಮ್ಮ, ನಿಂಬೆಹಣ್ಣಿನಷ್ಟಿದೆ. ಹಿಡಿಯೋದೇ ಅಷ್ಟು. ಒಳಗೇ ಇದ್ದಿದ್ರೆ ಈ ಎರಡು ತಿಂಗಳಲ್ಲಿ ಮೂಳೆ ಬಲೀಬೇಕಿತ್ತು, ಮೈ ತುಂಬಬೇಕಿತ್ತು. ಅದಕ್ಕೆ ಬೇಕಾದ ಸುಣ್ಣದಂಶ, ಪ್ರೋಟೀನು ಇದರಲ್ಲಿದೆ."

ಅತ್ತೆ ಮೊಮ್ಮಗಳ ಹತ್ತಿರ ಹೋದರು. ಗಾಜಿನ ಪೆಟ್ಟಿಗೆಯೊಳಗೆ ಕೂಸು ಬೆರಳಿನಷ್ಟು ಕಾಲನ್ನು ಒಮ್ಮೆ ಝಾಡಿಸಿತು.

"ಕೊನೇ ಎರಡು ತಿಂಗಳು ನಾವು ಗಬ್ಬದ ಹಸುನ ಕರೆಯೋದೇ ಇಲ್ಲ," ಎಂದರು ನಿಧಾನವಾಗಿ. "ಹಾಲು ಬತ್ತಿಸಿಬಿಡ್ತೀವಿ. ಆವಾಗ ಒಳಗಿರೋ ಕರು ಎಲ್ಲಾನೂ ಎಳ್ಕೊಳ್ಳುತ್ತೆ. ಇವಳು ಆ ಎರಡು ತಿಂಗಳನ್ನೇ ಬಿಟ್ಟು ಓಡಿ ಬಂದಿದಾಳೆ, ಅಲ್ವಾ?"

"ಅಷ್ಟೇ ನೋಡಿ! ಇದನ್ನ ಹೇಳೋಕೆ ನನಗೆ ಅರ್ಧ ಗಂಟೆ ಹಿಡಿಯುತ್ತೆ."

ಅತ್ತೆ ಸೊಸೆಯ ಕಡೆ ತಿರುಗಿದರು. "ಹಾಕೇ ಸೈನು. ನನ್ನ ಮುಖ ಏನು ನೋಡ್ತೀಯಾ? ಹೆತ್ತಿದ್ದು ನಾನಾ ನೀನಾ?"

ಸೊಸೆ ಮೂಗು ಒರೆಸಿಕೊಂಡು, ನಕ್ಕು, ಸಹಿ ಹಾಕಿದಳು.

ಇಪ್ಪತ್ತೈದು ಎಂ.ಎಲ್. ಹಾಲಿಗೆ ಒಂದು ಪೊಟ್ಟಣ. ಸಿಸ್ಟರ್ ಪುಡಿ ಸುರಿದು ಬಾಟಲಿಯನ್ನು ಮೆಲ್ಲಗೆ ತಿರುಗಿಸಿದಳು. ಅತ್ತೆ ಬಗ್ಗಿ, ಎಲ್ಲೂ ಗಂಟು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸ್ಟೂಲಿಗೆ ಮರಳಿದರು. ಸೊಸೆ ಪಂಪ್ ಎತ್ತಿಕೊಂಡಳು.

ಮೊದಲೆರಡು ದಿನ ಅಂಕಿ ಅಷ್ಟೇನೂ ಕದಲಲಿಲ್ಲ. ಅತ್ತೆ ಸಿಸ್ಟರನ್ನು ಮಾತಾಡಿಸಲೂ ಇಲ್ಲ. ಆರನೆಯ ದಿನ ಬೆಳಿಗ್ಗೆ ಸಿಸ್ಟರ್ ತೂಕದ ಯಂತ್ರದ ಮೇಲೆ ಬಗ್ಗಿ ಓದಿದಳು: "ಸಾವಿರದ ಮುನ್ನೂರ ಎಂಬತ್ತು."

"ಇನ್ನೊಂದ್ಸಲ ಹೇಳಿ."

"ಯಾಕಮ್ಮ, ನಮ್ಮ ತೂಕದ ಮೇಲೂ ಅನುಮಾನಾನಾ?"

"ಅಯ್ಯೋ, ಇಲ್ಲ ಕಣಮ್ಮ," ಎಂದರು ಅತ್ತೆ. "ಕೇಳೋಕೆ ಚೆನ್ನಾಗಿದೆ."